ವಾರದ ದಿನದ ಎಣಿಕೆ

ಅರಸೀಕೆರೆಯಲ್ಲಿ ನನ್ನ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇರುವುದು ಸರಿಯಾಗಿ ಸರ್ಕಲ್ಲಿನ ಮೂಲೆಯಲ್ಲಿ. ವ್ಯಾಪಾರಕ್ಕೆ ಜಾಗ ಒಳ್ಳೆಯದು, ಕಿವಿಗೆ ಅಲ್ಲ. ತಿಪಟೂರಿನ ಕಡೆಯಿಂದ ಬಂದು ಕಡೂರಿನ ಕಡೆಗೆ ಓಡುವ ಹೆದ್ದಾರಿಗೆ ಇಲ್ಲಿ ಒಂದು ಬದಿಯಿಂದ ಹಾಸನದ ರಸ್ತೆ ಬಂದು ಸೇರುತ್ತದೆ, ಇನ್ನೊಂದು ಬದಿಯಿಂದ ಸಂತೆ ಮೈದಾನದ ರಸ್ತೆ. ನಾಲ್ಕು ಕಡೆಯವರಿಗೂ ತಾವೇ ಮೊದಲು ಹೋಗಬೇಕು. ಇಪ್ಪತ್ತೆರಡು ವರ್ಷದಿಂದ ಆ ಹಾರ್ನ್ ಕೇಳುತ್ತಾ ಅಲ್ಲೇ ಕೂತಿದ್ದೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಹೆಂಡತಿ ಭಾಗ್ಯ ಹೇಳುತ್ತಾಳೆ. ಅವಳು ಒಂದು ದಿನ ಆ ಅಂಗಡಿಯಲ್ಲಿ ಕೂತು ನೋಡಲಿ, ಆಮೇಲೆ ಹೇಳಲಿ.

ನಾನು ಬರೆಯಹೊರಟಿರುವುದು ನನ್ನ ಸಿಟ್ಟಿನ ಬಗ್ಗೆ ಅಲ್ಲ, ಲತಾಮಣಿಯ ಬಗ್ಗೆ. ಹನ್ನೊಂದು ವರ್ಷ ಆ ಸರ್ಕಲ್ಲಿನ ನಡುವೆ ನಿಂತು ಕೈ ತೋರಿಸಿದ ಹೋಮ್‌ಗಾರ್ಡ್ ಅವಳು. ಹಾರನಹಳ್ಳಿಯವಳು. ಗಂಡ ಕೃಷ್ಣಪ್ಪನಿಗೆ ರಾಗಿ ಹೊಲ, ಒಂದಷ್ಟು ತೆಂಗಿನ ಮರ. ಇವಳು ಬೆಳಿಗ್ಗೆ ಎಂಟರ ಟೆಂಪೊ ಹಿಡಿದು ಬಂದು ಖಾಕಿ ಟೋಪಿ ಸರಿಮಾಡಿಕೊಂಡು ನಿಂತರೆ ಸಂಜೆಯವರೆಗೆ ನಿಂತೇ ಇರುವಳು. ಹೋಮ್‌ಗಾರ್ಡ್ ಕೆಲಸವೆಂದರೆ ಪಟ್ಟಿಯಲ್ಲಿ ಹೆಸರಿದ್ದರೆ ಡ್ಯೂಟಿ, ಇಲ್ಲದಿದ್ದರೆ ಮನೆ. ಪೊಲೀಸರ ಬಟ್ಟೆ ಉಂಟು, ಪೊಲೀಸರ ಭಯ ಇಲ್ಲ. ಇವಳು ಕೈ ಅಡ್ಡ ಹಿಡಿದರೂ ನುಗ್ಗುವವರು ನುಗ್ಗುತ್ತಿದ್ದರು. ಕೇಳಿದರೆ ಹೋಮ್‌ಗಾರ್ಡ್ ತಾನೇ ಎನ್ನುತ್ತಿದ್ದರು.

ಮೂರು ವರ್ಷದ ಹಿಂದೆ ಅವಳ ಬಲಭುಜ ಹಿಡಿದುಕೊಂಡಿತು. ಮೊದಲು ನೋವು, ಆಮೇಲೆ ಕೈ ಎದೆಮಟ್ಟಕ್ಕಿಂತ ಮೇಲೆ ಏಳುವುದೇ ನಿಂತಿತು. ಇದು ನನಗೆ ಗೊತ್ತಾದದ್ದು ಆಕಸ್ಮಿಕವಾಗಿ. ಒಂದು ದಿನ ಅಂಗಡಿಯ ಮೇಲಿನ ಹಲಗೆಯಲ್ಲಿದ್ದ ಅರ್ಜಿ ಫಾರಂ ತೆಗೆದುಕೊ ಎಂದೆ. ಅವಳು ಎಡಗೈಯಿಂದ ಬಲಗೈಯನ್ನು ಎತ್ತಲು ನೋಡಿ, ಆಗದೆ, ನನ್ನ ಮುಖ ನೋಡಿದಳು. ಯಾರಿಗೂ ಹೇಳಬೇಡಿ ಎಂದು ಮಾತು ತೆಗೆದುಕೊಂಡಳು. ಕೈ ತೋರಿಸುವ ಕೆಲಸದವಳಿಗೆ ಕೈಯೇ ಏಳುವುದಿಲ್ಲ ಎಂದು ಗೊತ್ತಾದರೆ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂಬುದು ಅವಳ ಹೆದರಿಕೆ. ಅಲ್ಲಿಂದ ಮುಂದೆ ಅವಳು ಹಾಸನ ರಸ್ತೆಗೆ ಬೆನ್ನು ಮಾಡಿ ನಿಂತು ಎಲ್ಲವನ್ನೂ ಎಡಗೈಯಲ್ಲೇ ನಡೆಸುತ್ತಿದ್ದಳು. ಚಿಕಿತ್ಸೆಗೆ ಹಾಸನಕ್ಕೆ ಹೋಗಬೇಕಿತ್ತು, ಹತ್ತು ಹನ್ನೆರಡು ದಿನ ಬೇಕಿತ್ತು. ರಜೆ ಕೇಳಿದರೆ ಕಾರಣ ಹೇಳಬೇಕಲ್ಲ ಎಂದು ಸುಮ್ಮನಿದ್ದಳು.

ಹೀಗಿರುವಾಗ ಹೋದ ವರ್ಷ ಜನವರಿಯಲ್ಲಿ ನಮ್ಮ ಸರ್ಕಲ್ಲಿಗೆ ಸಿಗ್ನಲ್ ದೀಪ ಬರುತ್ತದೆ ಎಂದಾಯಿತು. ಲತಾಮಣಿಯ ಕೆಲಸಕ್ಕೆ ಕುತ್ತು ಬಂತು ಎಂದು ಟೆಂಪೊ ಸ್ಟ್ಯಾಂಡಿನವರೆಲ್ಲ ಮಾತಾಡಿಕೊಂಡರು. ಅವಳ ಮುಖ ನೋಡಿದರೆ ಹಬ್ಬ ಬಂದಂತಿತ್ತು. ಸ್ಟೇಷನ್ನಿನ ಸಬ್‌ಇನ್‌ಸ್ಪೆಕ್ಟರು ಮೊದಲೇ ಹೇಳಿದ್ದರಂತೆ, ಕಂಬದ ಹತ್ತಿರ ಒಂದು ಪೆಟ್ಟಿಗೆ ಇರುತ್ತದೆ, ಆಂಬುಲೆನ್ಸೋ ಮತ್ತೊಂದೋ ಬಂದಾಗ ಬಟನ್ ಒತ್ತಿ ದಾರಿ ಬಿಡಿಸಲು ಒಬ್ಬರು ಬೇಕು, ಈ ಸರ್ಕಲ್ ಗೊತ್ತಿರುವವರೇ ಇರಲಿ ಎಂದು. ಬಟನ್ ಒತ್ತಲು ಕೈ ಎತ್ತಬೇಕಾಗಿಲ್ಲ. ಸಿಗ್ನಲ್ ಉಳಿದರೆ ಅವಳ ಕೆಲಸ ಉಳಿಯುತ್ತದೆ, ಸಿಗ್ನಲ್ ಹೋದರೆ ಅವಳ ಕೆಲಸವೂ ಹೋದಂತೆ. ಇದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ.

ಸಿಗ್ನಲ್ ಹಾಕುವ ಗುತ್ತಿಗೆ ಬೆಂಗಳೂರಿನ ಒಂದು ಕಂಪನಿಯದು. ಅಲ್ಲಿಂದ ಬಂದ ಇಂಜಿನಿಯರ್ ಹೇಮಾಶ್ರೀ ಎಂಬ ಹುಡುಗಿ, ಮೂಲ ಹಳೇಬೀಡಿನ ಹತ್ತಿರದ ಮಾದಿಹಳ್ಳಿಯವಳು. ಯಾವ ರಸ್ತೆಗೆ ಎಷ್ಟು ಸೆಕೆಂಡು ಹಸಿರು ಕೊಡಬೇಕು ಎಂದು ತೀರ್ಮಾನಿಸಲು ಯಾವ ಕಡೆಯಿಂದ ಎಷ್ಟು ಗಾಡಿ ಬರುತ್ತವೆ ಎಂಬ ಎಣಿಕೆ ಬೇಕಿತ್ತು. ಅವಳು ಇಂಗ್ಲಿಷಿನ ಒಂದು ಫಾರಂ ಸ್ಟೇಷನ್ನಿಗೆ ಕೊಟ್ಟು ಹೋದಳು. ಸ್ಟೇಷನ್ನಿನವರು ಅದನ್ನು ಲತಾಮಣಿಯ ಕೈಗಿಟ್ಟರು. ಲತಾಮಣಿ ಅದನ್ನು ನನ್ನ ಮೇಜಿನ ಮೇಲಿಟ್ಟಳು.

ಇಲ್ಲಿ ನನ್ನ ಜಂಬ ಬಂತು. ನಾನು ಸರ್ಕಾರಿ ಪತ್ರಗಳನ್ನು ಕನ್ನಡಕ್ಕೆ ತಂದುಕೊಡುವುದರಲ್ಲಿ ಈ ತಾಲ್ಲೂಕಿಗೇ ಹೆಸರಾದವನು, ಅಥವಾ ಹಾಗೆಂದು ನಂಬಿಕೊಂಡವನು. ಇಂಗ್ಲಿಷ್ ಪದವನ್ನು ಹಾಗೇ ಕನ್ನಡ ಅಕ್ಷರದಲ್ಲಿ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕೂತು ಇಡೀ ಫಾರಂ ಅನ್ನು ಅಚ್ಚಗನ್ನಡದಲ್ಲಿ ಟೈಪು ಮಾಡಿದೆ. ವೀಕೆಂಡ್ ಎಂದಿದ್ದ ಕಡೆ ವಾರಾಂತ್ಯ, ಒಂದು ದಿನ ಎಣಿಸಿ ಎಂದು ಬರೆದೆ. ವೀಕ್‌ಡೇ ಎಂದಿದ್ದ ಕಡೆ ವಾರದ ದಿನ, ಮೂರು ದಿನ ಎಣಿಸಿ ಎಂದು ಬರೆದೆ. ವಾರಾಂತ್ಯ ಅಂದರೆ ಭಾನುವಾರ ತಾನೇ ಎಂದು ಲತಾಮಣಿ ಕೇಳಿದಳು. ಹೌದೆಂದೆ. ವಾರದ ದಿನದ ಬಗ್ಗೆ ಅವಳು ಕೇಳಲಿಲ್ಲ. ಗೊತ್ತಿಲ್ಲದ ಪದವನ್ನು ಜನ ಕೇಳುತ್ತಾರೆ, ಗೊತ್ತಿರುವುದನ್ನು ಯಾರೂ ಕೇಳುವುದಿಲ್ಲ.

ಫೆಬ್ರವರಿಯಲ್ಲಿ ಅವಳು ಎಣಿಸಿದಳು. ಕೈ ತೋರಿಸಲು ಆ ದಿನಗಳಿಗೆ ಬೇರೊಬ್ಬರನ್ನು ಹಾಕಿದ್ದರು. ಇವಳು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಸೆರಗಿನ ಗಂಟಿನಲ್ಲಿ ಹುಣಸೆ ಬೀಜ ಇಟ್ಟುಕೊಂಡು, ಹತ್ತು ಗಾಡಿಗೆ ಒಂದು ಬೀಜದಂತೆ ಡಬ್ಬಿಗೆ ಹಾಕುತ್ತಿದ್ದಳು. ನಾಲ್ಕು ರಸ್ತೆಗೆ ನಾಲ್ಕು ಡಬ್ಬಿ. ಊಟಕ್ಕೂ ಏಳಲಿಲ್ಲ, ರೊಟ್ಟಿ ಕಚ್ಚುತ್ತಲೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ನಾನು ಮಾತಾಡಿಸಿದರೆ ಬೈಯುತ್ತಿದ್ದಳು. ಅಷ್ಟು ಶುದ್ಧವಾದ ಎಣಿಕೆ ಬೆಂಗಳೂರಿನಲ್ಲೂ ಯಾರೂ ಮಾಡಿರಲಾರರು.

ಏಪ್ರಿಲ್ ಮೊದಲ ಶುಕ್ರವಾರ ಸಿಗ್ನಲ್ ಶುರುವಾಯಿತು. ಆ ದಿನ ಅದು ಮಾಡಿದ ಕೆಲಸ ನೋಡಬೇಕಿತ್ತು. ಶುಕ್ರವಾರ ನಮ್ಮ ಸಂತೆ. ಹಾಸನ ರಸ್ತೆಯಲ್ಲಿ ಹಾರನಹಳ್ಳಿಯ ಟೆಂಪೊಗಳು, ತೆಂಗಿನಕಾಯಿ ಹೇರಿದ ಟ್ರ್ಯಾಕ್ಟರುಗಳು, ಸೊಪ್ಪು ತರಕಾರಿಯ ಗಾಡಿಗಳು ಎಲ್ಲ ಸಾಲಾಗಿ ಬಂದು, ಅರವತ್ತು ಸೆಕೆಂಡಿನ ಹಸಿರಿನಲ್ಲಿ ನೀರು ಹರಿದಂತೆ ಸಂತೆ ರಸ್ತೆಗೆ ಇಳಿದುಹೋದವು. ಹೆದ್ದಾರಿಗೆ ಮೂವತ್ತು ಸೆಕೆಂಡು, ನಡೆದು ದಾಟುವವರಿಗೆ ಹದಿನೈದು. ಜಾವಗಲ್ಲಿನಿಂದ ಬಂದ ಒಬ್ಬ ಅಜ್ಜಿ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ರಸ್ತೆ ದಾಟಿ, ಆಚೆ ನಿಂತು ತಿರುಗಿ ನೋಡಿದಳು. ಸಬ್‌ಇನ್‌ಸ್ಪೆಕ್ಟರು ಮೈಸೂರು ಪಾಕು ಹಂಚಿಸಿದರು. ಲತಾಮಣಿ ಪೆಟ್ಟಿಗೆಯ ಪಕ್ಕ ನಿಂತು ನಗುತ್ತಿದ್ದಳು, ನನಗೂ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಶನಿವಾರ ಎಲ್ಲ ಕೆಟ್ಟಿತು. ಹೆದ್ದಾರಿಯ ಲಾರಿ ಬಸ್ಸುಗಳು ಮೂವತ್ತು ಸೆಕೆಂಡಿನಲ್ಲಿ ಅರ್ಧವೂ ದಾಟಲಾಗದೆ ರೈಲ್ವೆ ಸ್ಟೇಷನ್ನಿನ ತಿರುವಿನವರೆಗೆ ನಿಂತವು. ಅತ್ತ ಸಂತೆ ರಸ್ತೆಯ ಅರವತ್ತು ಸೆಕೆಂಡು ಹಸಿರಿನಲ್ಲಿ ಒಂದು ಸೈಕಲ್ಲು, ಒಂದು ನಾಯಿ ದಾಟಿದವು. ನಾಯಿ ನಿಧಾನವಾಗಿಯೇ ದಾಟಿತು, ಅದಕ್ಕೂ ಸಮಯ ಉಳಿಯಿತು. ಸೋಮವಾರ ಇನ್ನೂ ಕೆಟ್ಟಿತು. ಒಂದು ಹಸಿರಿನಲ್ಲಿ ಹೋಗದವರು ಎರಡನೆಯದಕ್ಕೆ ಕಾದು, ಅದರಲ್ಲೂ ಹೋಗದೆ, ಕೊನೆಗೆ ಕೆಂಪಿನಲ್ಲೇ ನುಗ್ಗತೊಡಗಿದರು. ಟೆಂಪೊ ಓಡಿಸುವ ದೇವರಾಜ್ ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ನಿಮ್ಮ ಸಿಗ್ನಲ್ಲಿಗೆ ಶುಕ್ರವಾರ ಮಾತ್ರ ಮೈಮೇಲೆ ಬರ್ತದೆ ಎಂದು ನಕ್ಕು ಹೋದ. ಅದು ನಮ್ಮ ಸಿಗ್ನಲ್ ಹೇಗಾಯಿತೋ ನನಗೆ ಗೊತ್ತಿಲ್ಲ, ಆದರೆ ಆ ಮಾತು ನನ್ನ ಮೈಗೇ ತಗುಲಿತು.

ಮಂಗಳವಾರ ಸಬ್‌ಇನ್‌ಸ್ಪೆಕ್ಟರು ಅದನ್ನು ಹಳದಿಗೆ ಹಾಕಿಸಿದರು. ಎಷ್ಟೋ ಊರುಗಳಲ್ಲಿ ನೀವೂ ನೋಡಿರುತ್ತೀರಿ, ಹಗಲೂ ರಾತ್ರಿ ಹಳದಿ ದೀಪ ಮಿಣುಕುತ್ತಾ ನಿಂತಿರುವ ಸಿಗ್ನಲ್ಲುಗಳನ್ನು. ಯಾರಿಗೂ ಬೇಡವಾದ ಮೇಲೆ ಅವು ಹಾಗಾಗುತ್ತವೆ. ಮುಂದಿನ ಸೋಮವಾರದೊಳಗೆ ಸರಿಯಾಗದಿದ್ದರೆ ಕಂಬ ಕಿತ್ತುಕೊಂಡು ಹೋಗಿ ಎಂದು ಕಂಪನಿಗೆ ಹೇಳಿಯೂ ಆಯಿತು. ಲತಾಮಣಿ ಮತ್ತೆ ನಡುರಸ್ತೆಗೆ ಬಂದಳು. ಎರಡು ವರ್ಷ ಒಂದೇ ಕೈ ದುಡಿದು ಎಡಗೈಯೂ ಸೋತಿತ್ತು. ಬುಧವಾರ ಹನ್ನೊಂದು ಗಂಟೆಯ ಹೊತ್ತಿಗೆ ಅವಳು ಸೀಟಿ ಊದುತ್ತಾ ಗಲ್ಲದಿಂದ ದಾರಿ ತೋರಿಸುತ್ತಿದ್ದಳು. ಅದನ್ನು ನೋಡಿ ನಾನು ಅಂಗಡಿಯೊಳಗೆ ಮುಖ ತಿರುಗಿಸಿ ಕೂತೆ.

ಅದೇ ಮಧ್ಯಾಹ್ನ ಹೇಮಾಶ್ರೀ ಬಂದಳು. ರೇಗಿ ಹೋಗಿದ್ದಳು, ಅವಳ ಮೇಲಿನವರು ಅವಳಿಗೆ ಬೈದಿರಬೇಕು. ಸರ್ಕಲ್ಲಿನಲ್ಲಿ ಅರ್ಧ ಗಂಟೆ ನಿಂತು ನೋಡಿ, ಲತಾಮಣಿಯನ್ನು ನನ್ನ ಅಂಗಡಿಯ ನೆರಳಿಗೆ ಕರೆದಳು.

"ಮೇಡಂ, ನೀವು ಎಣಿಸಿಲ್ಲ," ಎಂದಳು. "ಮನೇಲಿ ಕೂತು ಬರೆದಿದ್ದೀರ. ಈ ರಸ್ತೇಲಿ ಇಷ್ಟು ಗಾಡಿ ಬರೋದೇ ಇಲ್ಲ."

ಲತಾಮಣಿಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಹೇಮಾಶ್ರೀ ಸ್ಟೇಷನ್ನಿಗೆ ಹೊರಟುಹೋದ ಮೇಲೆ ಅವಳು ನನ್ನ ಮೆಟ್ಟಿಲ ಮೇಲೆ ಕೂತು ಅತ್ತಳು. ಹನ್ನೊಂದು ವರ್ಷದಲ್ಲಿ ಲಾರಿಯವರು ಏನೇನು ಬೈದರೂ ಅತ್ತವಳಲ್ಲ. ನನಗೆ ಹುಡುಗಿಯ ಮೇಲೆ ಸಿಟ್ಟು ಉಕ್ಕಿತು. ಎಣಿಕೆ ಸರಿಯಿತ್ತೆಂದು ತೋರಿಸಿ ಅವಳ ಬಾಯಿ ಮುಚ್ಚಿಸಬೇಕೆಂದು, ನನ್ನಲ್ಲಿ ಉಳಿದಿದ್ದ ಫಾರಮ್ಮಿನ ಪ್ರತಿಗಳನ್ನು ಹುಡುಕಿ ತೆಗೆದೆ. ಮೊದಲ ಹಾಳೆಯ ತಲೆಯಲ್ಲಿ ಫೆಬ್ರವರಿ ಏಳು. ಎರಡನೆಯದು ಹದಿನಾಲ್ಕು. ಮೂರನೆಯದು ಇಪ್ಪತ್ತೊಂದು. ಗೋಡೆಯ ಕ್ಯಾಲೆಂಡರ್ ತಿರುವಿ ನೋಡಿದೆ, ಮೂರೂ ಶುಕ್ರವಾರ.

"ಮೂರು ದಿನಾನೂ ಶುಕ್ರವಾರವೇ ಯಾಕಮ್ಮ ಎಣಿಸಿದೆ?" ಎಂದೆ.

ಅವಳು ಕಣ್ಣೊರೆಸಿಕೊಂಡು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಇನ್ಯಾವತ್ತು ಎಣಿಸ್ಲಿ ಭೀಮಣ್ಣ? ವಾರದ ದಿನ ಎಣಿಸಿ ಅಂತ ನೀವೇ ಬರ್ದಿದ್ರಲ್ಲ. ಮನೆಗೊಂದು ವಾರ ಐತೆ, ನಮ್ದು ಸೋಮವಾರ. ಊರಿಗೆ ವಾರ ಅಂದ್ರೆ ಸಂತೆ ಶುಕ್ರವಾರ ತಾನೇ?"

ಈ ಕಡೆಯ ಹಳ್ಳಿಗಳಲ್ಲಿ ವಾರ ಎಂದರೆ ಏಳು ದಿನ ಮಾತ್ರವಲ್ಲ. ಮನೆದೇವರ ದಿನವೂ ವಾರವೇ. ಆ ದಿನ ತಲೆಗೆ ನೀರು ಹಾಕಿಕೊಂಡು, ಮಾಂಸ ಮೊಟ್ಟೆ ಮುಟ್ಟದೆ, ಇವತ್ತು ನಮಗೆ ವಾರ ಎನ್ನುತ್ತಾರೆ. ವಾರದ ದಿನ ಎಂದರೆ ಉಳಿದ ದಿನಗಳಂತಲ್ಲದ ದಿನ. ನಾನು ಬರೆದದ್ದು ಮಾಮೂಲಿ ದಿನ ಎಂಬ ಅರ್ಥದಲ್ಲಿ, ಅವಳು ಓದಿದ್ದು ಅದಕ್ಕೆ ಸರಿಯಾಗಿ ತದ್ವಿರುದ್ಧ. ನಮ್ಮಪ್ಪ ಗಿಡ್ಡಪ್ಪ ಬೌದ್ಧರಾದ ಮೇಲೆ ನಮ್ಮ ಮನೆಯಲ್ಲಿ ಮನೆದೇವರ ವಾರ ಬಿಟ್ಟು ನಲವತ್ತು ವರ್ಷವಾಗಿದೆ. ಆ ಅರ್ಥ ನನ್ನ ತಲೆಗೆ ಹೊಳೆಯಲೇ ಇಲ್ಲ. ದಿನಾ ಅಂಗಡಿಗೆ ಬರುವ ಹತ್ತು ಜನರಲ್ಲಿ ಎಂಟು ಜನ ಆಡುವ ಮಾತು ಅದು, ಮತ್ತು ನಾನು ಕನ್ನಡದ ಪಂಡಿತ.

ನಿಜ ಹೇಳುತ್ತೇನೆ, ಅರ್ಧ ಗಂಟೆ ನಾನು ಸುಮ್ಮನಿರುವ ಯೋಚನೆ ಮಾಡಿದೆ. ತಪ್ಪು ಅವಳ ಹೆಸರಿನಲ್ಲೇ ಹೋಗುತ್ತಿತ್ತು, ನನ್ನ ಬೋರ್ಡಿನ ಮೇಲೆ ಶುದ್ಧ ಕನ್ನಡ ಅನುವಾದ ಎಂಬುದು ಹಾಗೇ ಉಳಿಯುತ್ತಿತ್ತು. ಅಷ್ಟರಲ್ಲಿ ಅವಳು ಎದ್ದು, ಟೋಪಿ ಹಾಕಿಕೊಂಡು, ಮತ್ತೆ ನಡುರಸ್ತೆಗೆ ಹೋಗಿ ನಿಂತಳು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಹಗಲು ಹೊತ್ತಿನಲ್ಲೇ ಶಟರ್ ಎಳೆದು, ಬೇರೊಬ್ಬ ಹೋಮ್‌ಗಾರ್ಡಿಗೆ ಸರ್ಕಲ್ ನೋಡಿಕೊಳ್ಳಲು ಹೇಳಿ, ಅವಳನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದೆ.

ಸಬ್‌ಇನ್‌ಸ್ಪೆಕ್ಟರ ಎದುರಿಗೇ ಹೇಮಾಶ್ರೀಗೆ ಎಲ್ಲ ಹೇಳಿದೆ. ಪದ ನನ್ನದು, ಎಣಿಕೆ ಇವಳದು, ಎಣಿಕೆಯಲ್ಲಿ ಒಂದು ಗಾಡಿಯೂ ಸುಳ್ಳಿಲ್ಲ, ಪದವೇ ತಪ್ಪು ಎಂದೆ. ನಾನೂ ಕೇಳ್ಬೇಕಿತ್ತು, ನಂದೂ ತಪ್ಪೈತೆ ಎಂದು ಲತಾಮಣಿ ಸೇರಿಸಿದಳು. ಸಬ್‌ಇನ್‌ಸ್ಪೆಕ್ಟರಿಗೆ ಏನೂ ಅರ್ಥವಾಗಲಿಲ್ಲ, ಅವರು ಉತ್ತರ ಕರ್ನಾಟಕದ ಕಡೆಯವರು. ಹೇಮಾಶ್ರೀಗೆ ಮಾತ್ರ ತಕ್ಷಣ ತಿಳಿಯಿತು. ಮಾದಿಹಳ್ಳಿಯಲ್ಲಿ ಅವಳ ಅಜ್ಜಿ ಪ್ರತಿ ಶನಿವಾರ, ಇವತ್ತು ವಾರ ಕಣೇ, ಮೊಟ್ಟೆ ಮುಟ್ಟಿದ ಕೈಲಿ ಒಳಗೆ ಬರಬೇಡ ಎಂದು ಅವಳನ್ನು ಬಾಗಿಲಲ್ಲೇ ತಡೆಯುತ್ತಿದ್ದಳಂತೆ. ಅವಳು ಎದ್ದು ನಿಂತು ಲತಾಮಣಿಯ ಕೈ ಹಿಡಿದುಕೊಂಡಳು. ಬಾಯಿಗೆ ಬಂದದ್ದು ಅಂದುಬಿಟ್ಟೆ, ಹಾಳೆಯ ಮೇಲಿನ ತಾರೀಖು ನೋಡಿದ್ದರೆ ನನಗೂ ಗೊತ್ತಾಗುತ್ತಿತ್ತು, ಮೊತ್ತ ಮಾತ್ರ ನೋಡಿದೆ ಎಂದು ಒಪ್ಪಿಕೊಂಡಳು. ಹಿಡಿದದ್ದು ಬಲಗೈ. ಲತಾಮಣಿ ನೋವನ್ನು ಹಲ್ಲು ಕಚ್ಚಿ ತಡೆದುಕೊಂಡದ್ದು ನನಗೆ ಮಾತ್ರ ಕಂಡಿತು.

ಸೋಮವಾರಕ್ಕೆ ಐದು ದಿನ ಇತ್ತು. ಗುರುವಾರ ಮತ್ತು ಶನಿವಾರ ನಾವು ಮೂವರೂ ಎಣಿಸಿದೆವು. ನಾನು ತಿಪಟೂರಿನ ಕಡೆ, ಹೇಮಾಶ್ರೀ ಕಡೂರಿನ ಕಡೆ, ಉಳಿದೆರಡು ಲತಾಮಣಿಗೆ. ಹೇಮಾಶ್ರೀ ಮೊಬೈಲಿನಲ್ಲಿ ಒತ್ತಿ ಎಣಿಸಲು ಹೋಗಿ ಒಂದು ಗಂಟೆಯಲ್ಲಿ ಎರಡು ಸಲ ತಪ್ಪಿದಳು. ಆಮೇಲೆ ಅವಳೂ ಹುಣಸೆ ಬೀಜ ಇಸಿದುಕೊಂಡಳು. ನಾನು ಮಧ್ಯೆ ಮಧ್ಯೆ ಹಾರ್ನ್ ಹೊಡೆಯುವವರನ್ನು ಬೈಯುತ್ತಿದ್ದರಿಂದ ನನ್ನ ಲೆಕ್ಕವನ್ನು ಲತಾಮಣಿ ಪೂರ್ತಿ ನಂಬಲಿಲ್ಲ, ಶನಿವಾರ ಸಂಜೆ ಒಂದು ಗಂಟೆ ತಾನೇ ಎಣಿಸಿ ತಾಳೆ ನೋಡಿದಳು. ಭಾನುವಾರ ಹೇಮಾಶ್ರೀ ಪೆಟ್ಟಿಗೆ ತೆರೆದು ಎರಡು ಬೇರೆ ಬೇರೆ ವೇಳಾಪಟ್ಟಿ ತುಂಬಿಸಿದಳು. ಶುಕ್ರವಾರಕ್ಕೆ ಹಳೆಯದು, ಉಳಿದ ದಿನಕ್ಕೆ ಹೊಸದು. ಹೊಸದರಲ್ಲಿ ಹೆದ್ದಾರಿಗೆ ಐವತ್ತೈದು ಸೆಕೆಂಡು, ಅಡ್ಡ ರಸ್ತೆಗೆ ಇಪ್ಪತ್ತೈದು. ದಾಟುವವರ ಹದಿನೈದನ್ನು ಹತ್ತು ಮಾಡೋಣವೇ ಎಂದು ಅವಳು ಕೇಳಿದಳು. ಬೇಡ, ಮುದುಕರು ಅರ್ಧ ದಾರೀಲಿ ಸಿಕ್ಕಾಕ್ಕೊತಾರೆ ಎಂದು ಲತಾಮಣಿ ಹಟ ಹಿಡಿದಳು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸಬ್‌ಇನ್‌ಸ್ಪೆಕ್ಟರು ಬಂದು ಕೈಗಡಿಯಾರ ಹಿಡಿದು ನಿಂತರು. ಲತಾಮಣಿ ಪೆಟ್ಟಿಗೆಯ ಪಕ್ಕ ತುಟಿ ಬಿಗಿದು ನಿಂತಿದ್ದಳು. ಹೆದ್ದಾರಿಗೆ ಹಸಿರು ಬಂತು. ಹನ್ನೆರಡು ಲಾರಿ, ಆರು ಬಸ್ಸು, ಕಾರು ಬೈಕುಗಳ ಹಿಂಡು, ಎಲ್ಲ ಹೊರಟವು. ಸಾಲಿನ ಕೊನೆಯ ಮಿನಿಲಾರಿ ಗೆರೆ ದಾಟಿದಾಗ ಇನ್ನೂ ನಾಲ್ಕು ಸೆಕೆಂಡು ಉಳಿದಿತ್ತು. ಸಬ್‌ಇನ್‌ಸ್ಪೆಕ್ಟರು ಹತ್ತು ಸುತ್ತು ನೋಡಿದರು. ಹಾರ್ನ್ ಇಲ್ಲದ ಆ ಹದಿನೈದು ನಿಮಿಷದಲ್ಲಿ ನನ್ನ ಅಂಗಡಿಯ ಫ್ಯಾನು ಕಿರಗುಟ್ಟುತ್ತದೆ ಎಂಬುದು ನನಗೆ ಮೊದಲ ಸಲ ಕೇಳಿಸಿತು. ಕಂಬ ಇಲ್ಲೇ ಇರಲಿ ಎಂದಷ್ಟೇ ಹೇಳಿ ಅವರು ಜೀಪು ಹತ್ತಿದರು.

ಕತೆ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಮಾರನೆಯ ದಿನ ಲತಾಮಣಿ ಅಂಗಡಿಗೆ ಬಂದು, ಒಂದು ಅರ್ಜಿ ಟೈಪು ಮಾಡಿಕೊಡಿ, ರಜೆ ಬೇಕು ಎಂದಳು. ಹನ್ನೊಂದು ವರ್ಷದಲ್ಲಿ ಅವಳು ಕೇಳಿದ ಮೊದಲ ರಜೆ. ಕಾರಣ ಏನೆಂದು ಬರೆಯಲಿ, ಮದುವೆ ಎನ್ನಲೇ, ಜ್ವರ ಎನ್ನಲೇ ಎಂದೆ.

"ಬಲಗೈ ಎರಡು ವರ್ಷದಿಂದ ಏಳ್ತಿಲ್ಲ ಅಂತಲೇ ಬರೀರಿ," ಎಂದಳು. "ಸುಳ್ಳು ಎಣಿಸಿದ್ದೀಯ ಅಂತ ಆ ಹುಡುಗಿ ಅಂದಾಗ ಎಷ್ಟು ಉರೀತು ಗೊತ್ತಾ. ದಿನಾ ಇಷ್ಟು ದೊಡ್ಡ ಸುಳ್ಳು ಭುಜದ ಮೇಲೆ ಇಟ್ಕೊಂಡು ನಾನ್ಯಾವ ಬಾಯಲ್ಲಿ ಉರ್ಕೊಳ್ಳಲಿ?"

ಪಟ್ಟಿಯಿಂದ ಹೆಸರು ತೆಗೆದರೆ ಎಂದು ಕೇಳಿದೆ. ತೆಗೆದರೆ ತೆಗೆಯಲಿ ಎಂದು ಅವಳು ಹೇಳಲಿಲ್ಲ. ತೆಗೀಬಾರ್ದು ಅಂತ ನೀವೇ ಚೆನ್ನಾಗಿ ಬರೀರಿ ಎಂದಳು. ನಾನು ಬರೆದೆ. ಈ ಸಲ ಒಂದೊಂದು ಸಾಲನ್ನೂ ಅವಳಿಗೆ ಓದಿ ಹೇಳಿ, ಅರ್ಥ ಏನೆಂದು ಅವಳ ಬಾಯಿಂದಲೇ ಹೇಳಿಸಿದೆ. ಅವಳು ನಗುತ್ತಲೇ ಹೇಳಿ ಸಹಿ ಹಾಕಿದಳು.

ಮೂರು ದಿನ ಏನೂ ಸುದ್ದಿಯಿಲ್ಲ. ಆ ಮೂರು ದಿನ ಅವಳು ಪೆಟ್ಟಿಗೆಯ ಹತ್ತಿರ ನಿಂತು ಸ್ಟೇಷನ್ನಿನ ದಾರಿಯನ್ನೇ ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ. ನಾಲ್ಕನೆಯ ದಿನ ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಟೈಪಿಗೆಂದು ನನ್ನ ಅಂಗಡಿಗೇ ಬಂತು. ಒಂಬತ್ತನೆಯ ಸಾಲಿನಲ್ಲಿ ಲತಾಮಣಿ ಎಂದಿತ್ತು. ಮುಂದೆ, ಹನ್ನೆರಡು ದಿನ ಚಿಕಿತ್ಸೆಯ ರಜೆ, ನಂತರ ಸಿಗ್ನಲ್ ಪೆಟ್ಟಿಗೆ ಎಂದು ಸಬ್‌ಇನ್‌ಸ್ಪೆಕ್ಟರೇ ಕೈಯಲ್ಲಿ ಬರೆದಿದ್ದರು. ಆ ಸಾಲನ್ನು ಟೈಪು ಮಾಡುವಾಗ ನನ್ನ ಕನ್ನಡಕ ಮಂಜಾಯಿತು. ವಯಸ್ಸು ಎಂದು ಭಾಗ್ಯಳಿಗೆ ಹೇಳಿದೆ, ಅವಳು ನಂಬಲಿಲ್ಲ.

ರಜೆಯ ಮೊದಲ ದಿನ, ಬುಧವಾರ, ಅವಳು ಹೊಸ ಸೀರೆ ಉಟ್ಟು ಊರಿನಿಂದ ಅರಸೀಕೆರೆಗೆ ಬಂದಳು. ಆಸ್ಪತ್ರೆಗೆ ಬೇಕಾದ ಕಾಗದ ನನ್ನಲ್ಲಿ ಜೆರಾಕ್ಸ್ ಮಾಡಿಸಿಕೊಂಡು, ಬಸ್ ನಿಲ್ದಾಣದಲ್ಲಿ ಹಾಸನದ ಬಸ್ಸು ಹತ್ತಿದಳು. ಬಸ್ಸು ಹೆದ್ದಾರಿಯಲ್ಲಿ ಸರ್ಕಲ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ಕೆಂಪು ಬಿತ್ತು. ಡ್ರೈವರು ಗೆರೆಯ ಮೇಲೆ ನಿಲ್ಲಿಸಿ ಗೊಣಗಿದ. ಕಿಟಕಿಯ ಪಕ್ಕ ಕೂತಿದ್ದ ಲತಾಮಣಿ ಹೊರಗೆ ನೋಡಿದಳು. ಸರ್ಕಲ್ಲಿನ ನಡುವೆ ಯಾರೂ ಇರಲಿಲ್ಲ. ಅಡ್ಡ ರಸ್ತೆಯ ಗಾಡಿಗಳು ಹೋಗುತ್ತಿದ್ದವು, ಹೆದ್ದಾರಿಯ ಎರಡೂ ಕಡೆ ಜನ ಸುಮ್ಮನೆ ಕಾಯುತ್ತಿದ್ದರು.

"ಎಷ್ಟೊತ್ತು ನಿಲ್ಲಿಸ್ತದೆ ಇದು," ಎಂದು ಕಂಡಕ್ಟರ್ ಬೇಸರಪಟ್ಟದ್ದು ನನ್ನ ಬಾಗಿಲವರೆಗೂ ಕೇಳಿಸಿತು.

"ಇನ್ನು ಮೂವತ್ತೆಂಟು ಸೆಕೆಂಡು ಐತೆ, ಕೂತ್ಕೊಳ್ರಿ," ಎಂದಳು ಲತಾಮಣಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು.